ಹೆಡ್‌ಫೋನಿನಲ್ಲಿ ಸದ್ದು ನಮ್ಮ ಸುತ್ತಲೂ ಇದ್ದಂತೆ ಕೇಳಿಸುವ ರೆಕಾರ್ಡಿಂಗ್ ಮಾಡುವುದು ಹೇಗೆ?

ಎರಡು ಮೈಕ್‌ಗಳನ್ನು ಎರಡು ಕಿವಿಗಳ ಬಾಯಲ್ಲೇ ಇಡಬೇಕು. ಕಿವಿ ನಿಮ್ಮದಾದರೂ ಸರಿ, ರಬ್ಬರ್ ಕಿವಿಯ ಗೊಂಬೆತಲೆಯದಾದರೂ ಸರಿ. ಕೋಲಾರದ ಅಂತರಗಂಗೆ ಬೆಟ್ಟದಲ್ಲಿ ಕಲ್ಲುಬಸವನ ಬಾಯಿಂದ ಬೀಳುವ ನೀರು ನಿಮ್ಮ ಬಲಕ್ಕಿದೆ ಎನ್ನಿ. ಅದರ ಸದ್ದು ಎಡಗಿವಿಗೆ ಸುಮಾರು 0.6 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ತಲೆ ಅಡ್ಡವಿರುವುದರಿಂದ ಕೀಚಲು ಸ್ವರಗಳು ಕುಗ್ಗಿರುತ್ತವೆ. ಮುಂದೋ ಹಿಂದೋ, ಮೇಲೋ ಕೆಳಗೋ ಎಂಬ ಸುಳಿವು ಕೊಡುವುದು ಹೊರಗಿವಿಯ ಮಡಿಕೆಗಳು. ಇವೆಲ್ಲ ರೆಕಾರ್ಡಿಂಗ್‌ನಲ್ಲೇ ಅಚ್ಚಾಗುತ್ತವೆ. ಸ್ಪೀಕರಿನಲ್ಲಿ ಹಾಕಿದರೆ ಎಡ-ಬಲ ಬೆರೆತು ಆ ಅನುಭವ ಕೆಡುತ್ತದೆ. ಎರಡನ್ನೂ ಒಂದೇ ಸದ್ದಾಗಿ ಬೆರೆಸಿ ಮೋನೋ ಮಾಡಿದರಂತೂ ಮುಗಿಯಿತು.

ಮೈಕ್‌ಗೆ ಸ್ಪಂಜು ಹಾಕಿ, ಬೆಟ್ಟದ ಗಾಳಿ ಬಿಡುವುದಿಲ್ಲ. ತಲೆ ಆಡಿಸಬೇಡಿ, ಕೇಳುವವರಿಗೆ ಬಸವನೇ ಸುತ್ತು ಹಾಕಿದಂತಾಗುತ್ತದೆ! ಕಿವಿಯ ಆಕಾರ ಒಬ್ಬೊಬ್ಬರದು ಒಂದೊಂದು ಥರ, ಹಾಗಾಗಿ ಎದುರಿನ ಸದ್ದು ಕೆಲವರಿಗೆ ಬೆನ್ನ ಹಿಂದಿನಿಂದ ಕೇಳಿಸುವುದೂ ಉಂಟು.