ಲ್ಯಾಪ್‌ಟಾಪ್ ಶಟ್‌ಡೌನೂ ಆಗ್ತಿಲ್ಲ, ರೀಸ್ಟಾರ್ಟೂ ಆಗ್ತಿಲ್ಲ, ಫಾರ್ಮ್ಯಾಟ್ ಮಾಡಿಸ್ಬೇಕಾ?

ಬೇಡ, ದಯವಿಟ್ಟು ಈಗ್ಲೇ ಫಾರ್ಮ್ಯಾಟ್ ಮಾಡಿಸ್ಬೇಡಿ. ನೀವು ಬರ್ದಿರೋ ಪ್ರಕಾರ ನಿಮ್ದು ನಾಲ್ಕು ವರ್ಷದ ವಿಂಡೋಸ್ ಲ್ಯಾಪ್‌ಟಾಪ್, ಶಟ್‌ಡೌನ್ ಕೊಟ್ರೆ ಸ್ಕ್ರೀನ್ ಕಪ್ಪಾಗತ್ತೆ ಆದ್ರೆ ಫ್ಯಾನ್ ತಿರುಗ್ತಾನೇ ಇರತ್ತೆ, ಪವರ್ ಲೈಟೂ ಉರೀತಿರತ್ತೆ, ರೀಸ್ಟಾರ್ಟ್ ಕೊಟ್ರೆ ಅರ್ಧ ಗಂಟೆ ಆದ್ರೂ ಆ ಚುಕ್ಕಿಗಳು ಸುತ್ತೋದು ನಿಲ್ಲಲ್ಲ, ಕುಶಾಲನಗರದಲ್ಲಿ ಅಂಗಡಿಯವ್ರು ಫಾರ್ಮ್ಯಾಟ್ ಮಾಡಿ ನೋಡೋಣ, ಇಲ್ಲಾಂದ್ರೆ ಮದರ್‌ಬೋರ್ಡು, ಅಂದ್ರೆ ಒಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡು, ಹೋಗಿರ್ಬೇಕು ಅಂದಿದಾರೆ. ನಾನು ನಾಪೋಕ್ಲು ಕಡೆಯವ್ನು, ಇದೇ ಕಷ್ಟ ಪಟ್ಟಿದೀನಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮೊದ್ಲು ನನ್ ಕಥೆ. ಜುಲೈ ಮಳೆ, ಕರೆಂಟ್ ಹೋಗಿ ಎರಡು ದಿನ ಆಗಿತ್ತು, ಲ್ಯಾಪ್‌ಟಾಪಲ್ಲಿ ನಲವತ್ತು ಪರ್ಸೆಂಟ್ ಚಾರ್ಜ್ ಉಳ್ದಿತ್ತು. ಶನಿವಾರ ಬಟವಾಡೆ, ಆಳುಗಳ ಲೆಕ್ಕ ಎಲ್ಲ ಅದ್ರಲ್ಲೇ, ಅದಕ್ಕೆ ಚಾರ್ಜ್ ಉಳೀಲಿ ಅಂತ ಶಟ್‌ಡೌನ್ ಒತ್ತಿ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿ ಮಲಗಿದೆ. ಬೆಳಗ್ಗೆ ಬ್ಯಾಗ್ ಜಿಪ್ ತೆಗ್ದ್ರೆ ಒಳಗಿಂದ ಬಿಸಿ ಗಾಳಿ ಮುಖಕ್ಕೆ ಹೊಡೀತು, ಲ್ಯಾಪ್‌ಟಾಪ್ ಕೈಲಿ ಹಿಡಿಯಕ್ಕಾಗ್ದಷ್ಟು ಸುಡ್ತಿತ್ತು, ಬ್ಯಾಟರಿ ಪೂರ್ತಿ ಖಾಲಿ. ರಾತ್ರಿಯೆಲ್ಲ ಅದು ಆಫೇ ಆಗಿರ್ಲಿಲ್ಲ. ಕರೆಂಟ್ ಬಂದ್ಮೇಲೆ ಒಂದು ಅಂಗಡಿಗೆ ಕೊಟ್ಟೆ, ಅವ್ರು ಫಾರ್ಮ್ಯಾಟ್ ಹೊಡೆದ್ರು. ನಮ್ಮ ಮನೇಲಿ ಅಪ್ಪನ ಕಾಲದಿಂದ ದಿನಾ ಬೆಳಗ್ಗೆ ಮಳೆಮಾಪಕ ನೋಡಿ ಇಂಚು ಸೆಂಟಲ್ಲಿ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್) ಬರ್ದಿಡೋ ಪದ್ಧತಿ ಇದೆ, ಕೊಡಗಲ್ಲಿ ತೋಟ ಇರೋರ್ಗೆ ಇದು ಗೊತ್ತಿರತ್ತೆ, ಅದ್ರಲ್ಲಿ ಕೊನೇ ಮೂರು ವರ್ಷದ್ದು ನಾನು ಪುಸ್ತಕ ಬಿಟ್ಟು ಸೀದಾ ಎಕ್ಸೆಲಲ್ಲೇ ಹಾಕ್ತಿದ್ದೆ. ಅದೆಲ್ಲ ಹೋಯ್ತು. ಎಂಟು ದಿನಕ್ಕೆ ಶಟ್‌ಡೌನ್ ಸಮಸ್ಯೆ ಹಂಗೇ ವಾಪಸ್ ಬಂತು. ಯಾಕಂದ್ರೆ ಕಾರಣ ಏನು ಅಂತ ಯಾರೂ ನೋಡೇ ಇರ್ಲಿಲ್ಲ.

ಹಾಗಾಗಿ ನಿಮ್ಮ ಮೊದಲ ಕೆಲಸ, ಇವತ್ತೇ, ಬೇಕಾದ ಫೈಲೆಲ್ಲ ಪೆನ್‌ಡ್ರೈವಿಗೋ ಎಕ್ಸ್‌ಟರ್ನಲ್ ಡಿಸ್ಕಿಗೋ ಹಾಕ್ಕೊಳ್ಳಿ.

ಸದ್ಯಕ್ಕೆ ಆಫ್ ಮಾಡ್ಬೇಕು ಅಂದ್ರೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ, ಆಫ್ ಆಗತ್ತೆ. ಅಪರೂಪಕ್ಕೆ ಮಾಡಿದ್ರೆ ಪರ್ವಾಗಿಲ್ಲ, ದಿನಾ ಮಾಡಿದ್ರೆ ಒಂದಲ್ಲ ಒಂದಿನ ಫೈಲ್ ಕೆಡತ್ತೆ. ಸ್ಕ್ರೀನಲ್ಲಿ ಅಪ್‌ಡೇಟ್ ಆಗ್ತಿದೆ, ಆಫ್ ಮಾಡ್ಬೇಡಿ ಅಂತ ಬರ್ತಿದ್ರೆ ಮಾತ್ರ ಮುಟ್ಬೇಡಿ, ಹಳೇ ಹಾರ್ಡ್ ಡಿಸ್ಕ್ ಇರೋ ಲ್ಯಾಪ್‌ಟಾಪಲ್ಲಿ ಅದು ಒಂದೆರಡು ಗಂಟೆ ತಗೊಂಡ್ರೂ ತಗೊಳತ್ತೆ, ಡಿಸ್ಕ್ ಲೈಟ್ ಮಿಣುಕ್ತಿದ್ರೆ ಕೆಲಸ ನಡೀತಿದೆ ಅಂತ ಅರ್ಥ. ನೆಟ್ ಸ್ಲೋ ಇದೆ ಅಂತ ಅಲ್ಲ ಅದು, ಡೌನ್‌ಲೋಡ್ ಮೊದ್ಲೇ ಆಗಿರತ್ತೆ.

ಈಗ ವಿಷಯಕ್ಕೆ ಬರೋಣ. ವಿಂಡೋಸ್ ಆಫ್ ಆಗಲ್ಲ ಅಂದ್ರೆ ಬಹುತೇಕ ಅದು ಯಾವ್ದಕ್ಕೋ ಕಾಯ್ತಾ ಕೂತಿದೆ ಅಂತ. ಆಫ್ ಮಾಡುವಾಗ ಮೊದ್ಲು ನಿಮ್ಮ ಪ್ರೋಗ್ರಾಮ್‌ಗಳು, ಆಮೇಲೆ ಹಿಂದೆ ಓಡ್ತಿರೋ ಸರ್ವಿಸ್‌ಗಳು, ಕೊನೇಗೆ ಡ್ರೈವರ್‌ಗಳು (ಪ್ರಿಂಟರ್ ಥರದ ಒಂದೊಂದು ಸಾಧನ ಓಡಿಸೋ ಸಾಫ್ಟ್‌ವೇರ್), ಹೀಗೆ ಒಂದೊಂದನ್ನೇ ಮುಗಿಸ್ಕೊಂಡು ಹೋಗತ್ತೆ. ಎಲ್ಲಿ ನಿಂತಿದೆ ಅಂತ ಗೊತ್ತಾದ್ರೆ ಮುಕ್ಕಾಲು ಕೆಲಸ ಆದಂಗೆ. ನಿಮ್ದು ರೀಸ್ಟಾರ್ಟಲ್ಲಿ ಚುಕ್ಕಿ ಸುತ್ತೋವಾಗ ನಿಲ್ಲತ್ತೆ, ಶಟ್‌ಡೌನಲ್ಲಿ ಸ್ಕ್ರೀನ್ ಕಪ್ಪಾದ್ಮೇಲೆ ನಿಲ್ಲತ್ತೆ, ಅಂದ್ರೆ ಎರಡು ಬೇರೆ ಬೇರೆ ಜಾಗ.

ಮೊದ್ಲು ಲ್ಯಾಪ್‌ಟಾಪಿಗೆ ಚುಚ್ಚಿರೋದೆಲ್ಲ ಕೀಳಿ, ಪ್ರಿಂಟರ್, ಡಾಂಗಲ್, ಎಕ್ಸ್‌ಟರ್ನಲ್ ಡಿಸ್ಕ್, ಮೌಸ್ ಕೂಡ, ಆಮೇಲೆ ರೀಸ್ಟಾರ್ಟ್ ಕೊಟ್ಟು ನೋಡಿ. ಆಯ್ತಾ? ಹಾಗಾದ್ರೆ ಒಂದೊಂದೇ ವಾಪಸ್ ಹಾಕಿ, ಕಳ್ಳ ಸಿಕ್ತಾನೆ.

ಆಗ್ಲಿಲ್ಲ ಅಂದ್ರೆ ಫಾಸ್ಟ್ ಸ್ಟಾರ್ಟಪ್ ತೆಗೀರಿ. ವಿಂಡೋಸ್ 8ರಿಂದ ಇದು ಬಂದಿದೆ, ತುಂಬಾ ಜನಕ್ಕೆ ಗೊತ್ತೇ ಇಲ್ಲ. ನೀವು ಶಟ್‌ಡೌನ್ ಅಂತ ಒತ್ತಿದ್ರೂ ವಿಂಡೋಸ್ ಪೂರ್ತಿ ಆಫ್ ಆಗಲ್ಲ, ಒಳಗಿನ ಮುಖ್ಯ ಭಾಗ ಇದ್ದ ಸ್ಥಿತೀಲೇ ಡಿಸ್ಕಿಗೆ ಬರ್ದಿಟ್ಟು ಮಲಗತ್ತೆ, ಮಾರನೇ ದಿನ ಬೇಗ ಏಳಕ್ಕೆ. ರೀಸ್ಟಾರ್ಟಲ್ಲಿ ಹಂಗಲ್ಲ, ಅದು ಎಲ್ಲಾನೂ ಬಿಚ್ಚಿ ಮತ್ತೆ ಕಟ್ಟತ್ತೆ. ಹಳೇ ಡ್ರೈವರ್ ಇದ್ರೆ ಈ ಅರ್ಧಂಬರ್ಧ ಮಲಗೋ ಹೊತ್ತಲ್ಲೇ ಸಿಕ್ಕಾಕೊಳತ್ತೆ, ಸ್ಕ್ರೀನ್ ಕಪ್ಪು, ಫ್ಯಾನ್ ಮಾತ್ರ ಗುಂಯ್ ಅಂತಿರತ್ತೆ, ನೀವು ಹೇಳಿದ ಹಂಗೇ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಪವರ್ ಆಪ್ಷನ್ಸ್ ತೆಗ್ದು, ಎಡಗಡೆ ಪವರ್ ಬಟನ್ ಏನ್ ಮಾಡ್ಬೇಕು ಅನ್ನೋದನ್ನ ಒತ್ತಿ, ಮೇಲೆ ಈಗ ಬದಲಾಯಿಸೋಕಾಗ್ದಿರೋ ಸೆಟ್ಟಿಂಗ್ಸ್ ಅಂತ ಒಂದು ನೀಲಿ ಲಿಂಕ್ ಇರತ್ತೆ, ಅದನ್ನ ಒತ್ತಿದ್ರೇ ಕೆಳಗೆ ಫಾಸ್ಟ್ ಸ್ಟಾರ್ಟಪ್ ಮುಂದಿರೋ ಟಿಕ್ ತೆಗಿಯಕ್ಕಾಗೋದು. ತೆಗ್ದು ಸೇವ್ ಮಾಡಿ. ಒಂದ್ಸಲ ಪರೀಕ್ಷೆ ಮಾಡಕ್ಕೆ ಇನ್ನೂ ಸುಲಭ ದಾರಿ ಇದೆ, ಶಿಫ್ಟ್ ಕೀ ಒತ್ತಿ ಹಿಡ್ಕೊಂಡೇ ಶಟ್‌ಡೌನ್ ಕ್ಲಿಕ್ ಮಾಡಿ, ಆವತ್ತಿಗೆ ಪೂರ್ತಿ ಆಫ್ ಆಗತ್ತೆ.

ರೀಸ್ಟಾರ್ಟ್ ಸಿಕ್ಕಾಕೊಳ್ಳೋದಕ್ಕೆ ನನ್ನನ್ನ ಉಳಿಸಿದ್ದು ಒಂದು ಚಿಕ್ಕ ಸೆಟ್ಟಿಂಗ್. ಬರೀ ಚುಕ್ಕಿ ಸುತ್ತೋ ಬದಲು ಈಗ ಯಾವ್ದನ್ನ ನಿಲ್ಲಿಸ್ತಿದೀನಿ ಅಂತ ವಿಂಡೋಸೇ ಸ್ಕ್ರೀನ್ ಮೇಲೆ ಬರೆಯೋ ಹಂಗೆ ಮಾಡ್ಬೋದು. ರಿಜಿಸ್ಟ್ರಿ ಎಡಿಟರ್ (ವಿಂಡೋಸಿನ ಒಳಗಿನ ಸೆಟ್ಟಿಂಗ್ ಬದಲಾಯಿಸೋ ಪ್ರೋಗ್ರಾಮ್) ತೆಗ್ದು ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಪಾಲಿಸೀಸ್, ಸಿಸ್ಟಮ್, ಹೀಗೆ ಇಳ್ಕೊಂಡು ಹೋಗಿ, ಬಲಗಡೆ ಖಾಲಿ ಜಾಗದಲ್ಲಿ ಹೊಸ ಡಿವರ್ಡ್ (DWORD) 32 ಬಿಟ್ ವ್ಯಾಲ್ಯೂ ಮಾಡಿ ಅದಕ್ಕೆ ವರ್ಬೋಸ್‌ಸ್ಟೇಟಸ್ ಅಂತ ಹೆಸರಿಡಿ, ಇಂಗ್ಲಿಷಲ್ಲಿ VerboseStatus ಅಂತ, ಮಧ್ಯ ಸ್ಪೇಸ್ ಬಿಡ್ಬೇಡಿ, ವ್ಯಾಲ್ಯೂ 1. ರಿಜಿಸ್ಟ್ರಿಲಿ ಬೇರೆ ಏನೂ ಮುಟ್ಬೇಡಿ. ನಾನು ಹಂಗ್ ಮಾಡಿ ರೀಸ್ಟಾರ್ಟ್ ಕೊಟ್ಟು ಫೋನ್ ಕ್ಯಾಮೆರಾ ಹಿಡ್ಕೊಂಡು ಕೂತೆ, ಸಾಲುಗಳು ಪಟಪಟ ಬದಲಾಗ್ತಾ ಹೋಗಿ ಪ್ರಿಂಟ್ ಸ್ಪೂಲರ್ ಅನ್ನೋ ಸಾಲಲ್ಲಿ ನಿಂತ್ಬಿಡ್ತು, ಅದು ಪ್ರಿಂಟಿಗೆ ಕೊಟ್ಟಿದ್ದನ್ನ ಕ್ಯೂನಲ್ಲಿಟ್ಟು ಪ್ರಿಂಟರಿಗೆ ಕಳ್ಸೋ ಸರ್ವಿಸ್. ಆವಾಗ ಹೊಳೀತು, ಹೋಮ್‌ಸ್ಟೇ ಬಿಲ್ ಪ್ರಿಂಟ್ ಆಗೋ ಹೊತ್ತಿಗೇ ಕರೆಂಟ್ ಹೋಗಿ ಆ ಬಿಲ್ ಕ್ಯೂಲೇ ಸಿಕ್ಕಿತ್ತು. ಫಾರ್ಮ್ಯಾಟ್ ಆದ್ಮೇಲೂ ಅದೇ ಹಳೇ ಸಿಡಿಯಿಂದ ಪ್ರಿಂಟರ್ ಡ್ರೈವರ್ ಹಾಕಿದ್ದೆ, ಎಂಟನೇ ದಿನ ಮತ್ತೆ ಅದೇ ಥರ ಕರೆಂಟ್ ಹೋಗಿತ್ತು. ಸರ್ವಿಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ವಿಂಡೋಸ್ ಫೋಲ್ಡರ್ ಒಳಗೆ ಸಿಸ್ಟಮ್32, ಅದ್ರೊಳಗೆ ಸ್ಪೂಲ್, ಅದ್ರೊಳಗೆ ಪ್ರಿಂಟರ್ಸ್ ಅನ್ನೋ ಫೋಲ್ಡರಲ್ಲಿ ಇರೋ ಫೈಲ್ ಅಳಿಸಿ, ಸರ್ವಿಸ್ ಮತ್ತೆ ಶುರು ಮಾಡಿ, ಹೊಸ ಡ್ರೈವರ್ ಹಾಕಿದೆ. ಅಲ್ಲಿಂದ ಇಲ್ಲಿವರೆಗೂ ಸರಿಯಾಗಿ ಆಫ್ ಆಗ್ತಿದೆ. ನಿಮ್ದು ಬೇರೆ ಸಾಲಲ್ಲಿ ನಿಲ್ಬೋದು, ಆಂಟಿವೈರಸ್ ಇರ್ಬೋದು, ಯಾವ್ದೋ ಹಳೇ ಡಾಂಗಲ್ ಸಾಫ್ಟ್‌ವೇರ್ ಇರ್ಬೋದು.

ಫಾಸ್ಟ್ ಸ್ಟಾರ್ಟಪ್ ತೆಗ್ದ್ಮೇಲೂ ಫ್ಯಾನ್ ನಿಲ್ಲಲ್ಲ ಅಂದ್ರೆ ಡಿವೈಸ್ ಮ್ಯಾನೇಜರಲ್ಲಿ ಸಿಸ್ಟಮ್ ಡಿವೈಸಸ್ ಒಳಗೆ ಮ್ಯಾನೇಜ್‌ಮೆಂಟ್ ಎಂಜಿನ್ ಇಂಟರ್‌ಫೇಸ್ ಅಂತ ಇದ್ಯಾ ನೋಡಿ, ಇಂಟೆಲ್ ಚಿಪ್ ಇರೋ ಲ್ಯಾಪ್‌ಟಾಪಲ್ಲಿ ಇರತ್ತೆ. ಅದ್ರ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಲ್ಲಿ, ಕರೆಂಟ್ ಉಳಿಸಕ್ಕೆ ಈ ಡಿವೈಸ್ ಆಫ್ ಮಾಡ್ಬೋದು ಅನ್ನೋ ಟಿಕ್ ತೆಗ್ದು ನೋಡಿ. ಅದೂ ಆಗ್ಲಿಲ್ಲ ಅಂದ್ರೆ ನಿಮ್ಮ ಲ್ಯಾಪ್‌ಟಾಪ್ ಕಂಪನಿ ಸೈಟಿಂದ ನಿಮ್ಮ ಮಾಡೆಲ್‌ಗೇ ಅಂತ ಕೊಟ್ಟಿರೋ ಆ ಡ್ರೈವರ್ ಇಳಿಸಿ ಹಾಕಿ. ಬಯಾಸ್ (ಆನ್ ಮಾಡಿದಾಗ ವಿಂಡೋಸಿಗಿಂತ ಮೊದ್ಲು ಓಡೋ, ಮದರ್‌ಬೋರ್ಡಲ್ಲೇ ಇರೋ ಸಾಫ್ಟ್‌ವೇರ್) ಅಪ್‌ಡೇಟ್ ಇದ್ರೆ ಅದೂ ಸಹಾಯ ಮಾಡತ್ತೆ, ಆದ್ರೆ ನಮ್ಮ ಕಡೆ ಮಳೆಗಾಲದಲ್ಲಿ ಅದಕ್ಕೆ ಕೈ ಹಾಕ್ಬೇಡಿ, ಬ್ಯಾಟರಿ ಫುಲ್ ಇದ್ದು, ಚಾರ್ಜರ್ ಚುಚ್ಚಿ, ಕರೆಂಟ್ ಗಟ್ಟಿ ಇರೋ ದಿನ ಮಾತ್ರ ಮಾಡಿ, ಮಧ್ಯ ನಿಂತ್ರೆ ಆಗ ನಿಜ್ವಾಗ್ಲೂ ಮದರ್‌ಬೋರ್ಡ್ ಕಥೆ ಆಗತ್ತೆ.

ಆ ಮದರ್‌ಬೋರ್ಡ್ ಮಾತಿಗೆ ಹೆದರ್ಬೇಡಿ, ಅದನ್ನ ಮನೇಲೇ ಪರೀಕ್ಷೆ ಮಾಡ್ಬೋದು. ಒಂದು ಪೆನ್‌ಡ್ರೈವಲ್ಲಿ ಉಬುಂಟು (ವಿಂಡೋಸ್ ಥರದ್ದೇ ಬೇರೆ ಒಂದು ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿ, ಇನ್‌ಸ್ಟಾಲ್ ಮಾಡ್ದೆ ಟ್ರೈ ಅನ್ನೋದನ್ನ ಆರಿಸಿ ಲ್ಯಾಪ್‌ಟಾಪ್ ಓಡಿಸಿ, ಅಲ್ಲಿಂದ ಪವರ್ ಆಫ್ ಕೊಡಿ. ಪೆನ್‌ಡ್ರೈವ್ ತೆಗ್ದು ಎಂಟರ್ ಒತ್ತು ಅಂತ ಕೇಳತ್ತೆ, ಒತ್ತಿದ್ಮೇಲೆ ಫ್ಯಾನ್ ನಿಂತು ಲೈಟ್ ಆರಿದ್ರೆ ನಿಮ್ಮ ಬೋರ್ಡಿಗೆ ಬಹುಶಃ ಏನೂ ಆಗಿಲ್ಲ, ತೊಂದ್ರೆ ಇರೋದು ವಿಂಡೋಸ್ ಒಳಗೆ. ಅಲ್ಲೂ ಆಫ್ ಆಗ್ಲಿಲ್ಲ ಅಂದ್ರೆ ಮಾತ್ರ ಮೈಸೂರಿಗೆ ಸರ್ವಿಸ್ ಸೆಂಟರಿಗೆ ತಗೊಂಡು ಹೋಗೋ ಯೋಚನೆ ಮಾಡಿ, ಸುಮ್ನೆ ಇಲ್ಲಿಂದ ಅಲ್ಲಿಗೆ ಬಸ್ಸಲ್ಲಿ ಅಲೀಬೇಡಿ.

ಇದೆಲ್ಲ ಸರಿ ಹೋಗೋವರೆಗೂ ಶಟ್‌ಡೌನ್ ಒತ್ತಿದ ತಕ್ಷಣ ಮುಚ್ಚಳ ಮುಚ್ಬೇಡಿ, ಲೈಟ್ ಆರೋದನ್ನ ಕಣ್ಣಾರೆ ನೋಡಿ ಆಮೇಲೆ ಬ್ಯಾಗಿಗೆ ಹಾಕಿ. ಚುಕ್ಕಿ ಬದಲು ಸಾಲು ಬರೋ ಹಂಗೆ ಮಾಡಿದ್ಮೇಲೆ ಯಾವ ಸಾಲಲ್ಲಿ ನಿಂತಿತು ಅಂತ ಇಲ್ಲಿ ಬರೀರಿ, ಲ್ಯಾಪ್‌ಟಾಪ್ ಮಾಡೆಲ್ ಜೊತೆಗೆ, ಮುಂದಿಂದು ಅಲ್ಲಿಂದ ನೋಡೋಣ.