‘ಮುಂದಿನ ತಿಂಗಳು ಬರುತ್ತೆ’

ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬಂದ ಒಬ್ಬರ ಕಥೆ ಇದು. ಗುರುತು ಸಿಗದಂತೆ ವಿವರ ಬದಲಿಸಿ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಸಣ್ಣ ಗಾರ್ಮೆಂಟ್ಸ್ ಮಾಲೀಕರು, ಚೀಟಿ ನಡೆಸುವವರು, ಊರಲ್ಲಿ ಶಾಲೆ ಕಟ್ಟಿದವರು... ಇದೇ ಕಥೆ ಹೊತ್ತುಕೊಂಡು ಯಾರಾದರೂ ಬರುತ್ತಲೇ ಇರುತ್ತಾರೆ.

ಈಕೆ ವಿಜ್ಞಾನಿ. ನಾಲ್ಕು ಲ್ಯಾಬ್, ಒಂದು ರೈತರ ಕಂಪನಿ ಸೇರಿಕೊಂಡ ಸಂಶೋಧನಾ ಕೂಟದ ಮುಖ್ಯಸ್ಥೆ. ಬೂಷ್ಟು ಹಿಡಿದ ಶೇಂಗಾದಲ್ಲಿ ಸೇರುವ ಅಫ್ಲಾಟಾಕ್ಸಿನ್ ಅನ್ನುವ ವಿಷದ ಮೇಲೆ ಕೆಲಸ. ಸಂಶೋಧನೆಗೆ ಸಿಗಬೇಕಿದ್ದ ಅನುದಾನದ ಎರಡನೇ ಕಂತಿನ ಹಣ ಬಂದಿರಲಿಲ್ಲ. ಎದೆ ಡವಡವ, ನಿದ್ದೆ ಇಲ್ಲ. ಇಸಿಜಿ ಸರಿ ಇದೆ ಅಂತ ಡಾಕ್ಟರು ನನ್ನ ಹತ್ತಿರ ಕಳಿಸಿದ್ದರು.

ಮೊದಲ ಎರಡು ಭೇಟಿ ನನಗೆ ಪಾಠ. ನಾನು ನಿದ್ದೆ ಬಗ್ಗೆ ಕೇಳಿದರೆ ಅವರು 1974ಕ್ಕೆ ಹೋಗುತ್ತಿದ್ದರು. ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಜಾಸ್ತಿ ಜನ ಸತ್ತಿದ್ದು. “ಹುರಿದರೂ ಪೂರ್ತಿ ಹೋಗಲ್ಲ ಮೇಡಂ, ರುಚಿಯಲ್ಲೂ ಗೊತ್ತಾಗಲ್ಲ. ಈ ಕೆಲಸ ನಿಲ್ಲಿಸೋಕಾಗುತ್ತಾ?”

ಮೂರನೇ ಸಲ ಬಂದಾಗ ಒಂದು ಗಮನಿಸಿದೆ. ಯೋಚಿಸುವಾಗ ಬಳೆ ತಿರುಗಿಸುವುದು ಅವರ ಅಭ್ಯಾಸ. ಅವತ್ತು ಬೆರಳು ಮಣಿಕಟ್ಟಿಗೆ ಹೋಯಿತು, ಬಳೆ ಇರಲಿಲ್ಲ. ಸುಮ್ನೆ ನೋಡಿದೆ. ಅವರೇ ಹೇಳಿದರು.

ಒತ್ತೆ ಇಟ್ಟಿದ್ದರು. ಲ್ಯಾಬ್‌ನಲ್ಲಿ ಸಂಶೋಧನೆ ಮಾಡುವ ಇಬ್ಬರು ಫೆಲೋಗಳಿಗೆ ತಿಂಗಳಿಗೆ ತಲಾ 37,000 ರೂಪಾಯಿ, ಮೂರು ತಿಂಗಳು. ‘ಸಂಸ್ಥೆ ಅಡ್ವಾನ್ಸ್ ಕೊಟ್ಟಿದೆ’ ಅಂತ ಅವರಿಗೆ ಸುಳ್ಳು. ಉಳಿದ ಲ್ಯಾಬ್‌ಗಳಿಗೆ ‘ಮುಂದಿನ ತಿಂಗಳು ಬರುತ್ತೆ’. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಬಂತು. “ಒಬ್ಬ ಹುಡುಗನಿಗೆ ಹೈದರಾಬಾದಲ್ಲಿ ಕೆಲಸ ಸಿಕ್ಕಿತ್ತು. ಹೋಗಲಾ ಅಂತ ನನ್ನ ಕೇಳ್ದ. ದುಡ್ಡು ಬರುತ್ತೆ, ಇರು ಅಂದೆ. ಬಿಟ್ಟುಬಿಟ್ಟ.”

ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ: “ಸ್ಯಾಂಪಲ್‌ನಲ್ಲಿ ವಿಷ ಮಿತಿ ಮೀರಿದ್ರೆ ರೈತರಿಗೆ ಯಾವಾಗ ಹೇಳ್ತೀರಿ?”

“ಅವತ್ತೇ. ಇಲ್ಲಾಂದ್ರೆ ಒಳ್ಳೇ ರಾಶಿಗೆ ಬೆರೆಸಿಬಿಡ್ತಾರೆ.”

ಹೇಳಿದವರೇ ತಲೆ ತಗ್ಗಿಸಿದರು. ಲಾಯರ್ ಪ್ರಶ್ನೆ ಅದು, ಒಪ್ಪುತ್ತೇನೆ.

ನಾವು ಸಲಹೆಗಾರರು ‘ಹೀಗೆ ಮಾಡಿ’ ಅನ್ನಬಾರದು ಅನ್ನುವ ಪಾಠ ನಾನೂ ಓದಿದ್ದೇನೆ. ಆದರೂ ಹೇಳಿದೆ. ಈ ವಾರವೇ ಎಲ್ಲರನ್ನೂ ಕೂರಿಸಿ. ಕೈಯಲ್ಲಿ ಎಷ್ಟಿದೆ, ಯಾವ ತಾರೀಕಿನವರೆಗೆ ಸಾಲುತ್ತೆ, ಅದನ್ನು ಬೋರ್ಡ್ ಮೇಲೆ ಬರೆಯಿರಿ. ಸ್ವಂತ ದುಡ್ಡು ಇನ್ನು ಒಂದು ರೂಪಾಯಿ ಹಾಕಬೇಡಿ. ಹೊಸ ಸ್ಯಾಂಪಲ್ ಕಾಯಲಿ, ಇರುವುದು ಫ್ರೀಜರ್‌ನಲ್ಲಿರಲಿ. ರೈತರಿಗೆ ಶೇಂಗಾ ಕಾಯಿ ಒಣಗಿಸುವ ತರಬೇತಿ ಮಾತ್ರ ಕೊಯ್ಲಿಗೆ ಮುಂಚೆ ಆಗಲೇಬೇಕು ಅಂತ ಅವರೇ ಸೇರಿಸಿದರು. ಆ ಹುಡುಗನಿಗೆ ಮಾತ್ರ ಮೀಟಿಂಗ್‌ಗೆ ಮುಂಚೆಯೇ, ಒಬ್ಬನೇ ಇರುವಾಗ ಹೇಳಿ ಅಂದೆ.

ಇದು ಆಡಳಿತದ ವಿಷಯ, ನಿಮಗ್ಯಾಕೆ ಅಂತ ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ನಿದ್ದೆ ಕೆಡಿಸಿದ್ದೇ ಅದಾದರೆ ಅದು ನನ್ನ ವಿಷಯವೂ ಹೌದು, ಅಲ್ವಾ? ಎಲ್ಲರ ಭಾರ ಒಬ್ಬರೇ ಹೊರುವುದನ್ನು ನಾವು ತ್ಯಾಗ ಅಂತೀವಿ. ಆದರೆ ಹೋಗುವುದೋ ಇರುವುದೋ ಅಂತ ತೀರ್ಮಾನಿಸುವ ಹಕ್ಕನ್ನು ಆ ಹುಡುಗನಿಂದ ಕಿತ್ತುಕೊಂಡಿದ್ದು ಅದೇ ತ್ಯಾಗ.

ಮೀಟಿಂಗ್ ಆಯಿತು. ಒಂದು ಲ್ಯಾಬ್ ಕೂಟ ಬಿಟ್ಟಿತು. ಇನ್ನೊಂದು ಕೆಮಿಕಲ್ ಖರ್ಚು ತಾನು ನೋಡಿಕೊಳ್ಳುತ್ತೇನೆ ಅಂದಿತು. ಹುಡುಗ ಬೇರೆ ಕೆಲಸ ಹಿಡಿದು ಹೋದ. ಇವರ ಫೋನ್ ಎತ್ತುವುದಿಲ್ಲ. ಕಂತು ಇನ್ನೂ ಬಂದಿಲ್ಲ, ನಿದ್ದೆ ಬರುತ್ತಿದೆ.

ಕೊನೇ ಭೇಟಿಯಲ್ಲಿ ಕೇಳಿದೆ, ಬಳೆ ವಿಷಯ ಯಜಮಾನರಿಗೆ ಹೇಳಿದ್ರಾ?

ಕೈ ಮತ್ತೆ ಮಣಿಕಟ್ಟಿಗೆ ಹೋಯಿತು. “ದೀಪಾವಳಿ ಕಳೀಲಿ ಮೇಡಂ” ಅಂದರು.