ಒಪ್ಪಿಗೆ ಕೊಟ್ಟದ್ದು ಯಾವುದಕ್ಕೆ?

ಮೇ, ಜೂನ್ ಬಂತೆಂದರೆ ಡೊಂಬಿವಿಲಿ, ಕಲ್ಯಾಣ, ಮುಲುಂಡ್ ಕಡೆಯ ಕನ್ನಡ ಮನೆಗಳಿಂದ ಒಂದೇ ಬಗೆಯ ಮಾತು ಕೇಳಿಬರುತ್ತದೆ: ‘ಸೊಸಿ ಓದಲಿ, ಬ್ಯಾಡ ಅನ್ನಂಗಿಲ್ರೀ. ಆದ್ರ ಹೆಣ್ಣಮಕ್ಕಳ ಯೂನಿವರ್ಸಿಟಿನ ಆಗಬೇಕು.’ ಮುಂಬಯಿಯಲ್ಲಿ ಹಾಗೆಂದರೆ ಎಸ್‌ಎನ್‌ಡಿಟಿ. ಪ್ರವೇಶ ಸಿಗುತ್ತದೆ, ಫೀ ಕಟ್ಟುತ್ತಾರೆ, ದೀಪಾವಳಿ ಹೊತ್ತಿಗೆ ಸೊಸೆ ಮತ್ತೆ ಮನೆಯಲ್ಲಿರುತ್ತಾಳೆ. ‘ಓದೂದು ಆಕಿ ಕೈಲೆ ಆಗಲಿಲ್ಲ’ ಎಂಬ ಮಾತು ಅವಳ ಹೆಸರಿಗೆ ಅಂಟಿಬಿಡುತ್ತದೆ. ಆ ಮಾತು ಅನ್ಯಾಯದ್ದು. ಅದಕ್ಕೇ, ಗುರುತು ಸಿಗದಂತೆ ವಿವರ ಬದಲಿಸಿ, ಈ ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ.

ಆಕೆಗೆ 31 ವರ್ಷ. ಧಾರವಾಡ ಕಡೆಯ ತವರು, ಕನ್ನಡ ಮಾಧ್ಯಮದಲ್ಲಿ ಬಿ.ಎ., ಎರಡನೇ ತರಗತಿಯ ಮಗ. ಡೊಂಬಿವಿಲಿಯಲ್ಲಿ ಅತ್ತೆ, ಗಂಡನೊಂದಿಗೆ ಸಂಸಾರ. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಬೇಕೆಂಬ ಆಸೆ. ‘ಮನ್ಯಾಗ ಒಪ್ಪ್ಯಾರ್ರೀ ಮೇಡಂ, ಆದ್ರೂ ರಾತ್ರಿ ನಿದ್ದಿ ಬರವಲ್ದು’ ಎಂದು ಹೇಳಿಕೊಂಡು, ಓದಿನ ಬಗ್ಗೆ ಸಲಹೆ ಕೇಳಲು ನನ್ನ ಬಳಿ ಬಂದಳು.

ಒಪ್ಪಿಗೆ ಇದ್ದೂ ನಿದ್ದೆ ಬಾರದಿದ್ದರೆ ಆ ಒಪ್ಪಿಗೆಯನ್ನೇ ಬಿಚ್ಚಿ ನೋಡಬೇಕು. ಮುಂದಿನ ಭೇಟಿಗೆ ಮೂವರನ್ನೂ ಕರೆದೆ. ಸಲಹೆಯನ್ನೇನೂ ಹೇಳದೆ, ಒಂದು ಹಾಳೆ ಕೊಟ್ಟು ಲೆಕ್ಕ ಬರೆಸಿದೆ.

ಹೊಸ ಶಿಕ್ಷಣ ನೀತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಎರಡು ವರ್ಷದ ಎಂ.ಎ. ಎಂದರೆ 88 ಕ್ರೆಡಿಟ್, ಸೆಮಿಸ್ಟರಿಗೆ 22. ಪಾಠದ ಒಂದು ಕ್ರೆಡಿಟ್‌ಗೆ 15 ಗಂಟೆ. ಹಾಗಾಗಿ ಮೊದಲ ಸೆಮಿಸ್ಟರಿಗೆ 330 ಗಂಟೆ. 15 ವಾರಕ್ಕೆ ಹಂಚಿದರೆ ವಾರಕ್ಕೆ 22 ಗಂಟೆ ತರಗತಿಯಲ್ಲೇ ಕೂರಬೇಕು. ಡೊಂಬಿವಿಲಿಯಿಂದ ಚರ್ಚ್‌ಗೇಟ್ ಆವರಣಕ್ಕೆ ಮನೆಬಾಗಿಲಿನಿಂದ ತರಗತಿಯವರೆಗೆ ಒಂದೂಮುಕ್ಕಾಲು ಗಂಟೆ ಹಿಡಿಯಿರಿ. ದಾದರಿನಲ್ಲಿ ಗಾಡಿ ಬದಲಿಸಿದರೂ ಅಷ್ಟೇ, ಸಿಎಸ್‌ಎಂಟಿಯಲ್ಲಿ ಇಳಿದು ನಡೆದರೂ ಅಷ್ಟೇ. ಹೋಗಿಬರಲು ದಿನಕ್ಕೆ ಮೂರೂವರೆ ಗಂಟೆಯಾದರೆ ಐದು ದಿನಕ್ಕೆ ಹದಿನೇಳೂವರೆ. ಮನೆಯಲ್ಲಿ ಓದು, ಟಿಪ್ಪಣಿ, ಅಸೈನ್‌ಮೆಂಟಿಗೆ ಕಡಿಮೆಯೆಂದರೂ ಹತ್ತು. ಕೂಡಿದರೆ ವಾರಕ್ಕೆ ಸುಮಾರು 50 ಗಂಟೆ.

ಅತ್ತೆ ಹಾಳೆಯನ್ನು ಬಹಳ ಹೊತ್ತು ನೋಡಿದರು. ‘ಕಾಲೇಜಿಗೆ ಹೋಗಲಿ ಅಂದಾಕಿ ನಾನ. ಆದ್ರ ದಿನಾ ಇಷ್ಟೊತ್ತು ಅಂತ ಯಾರೂ ಹೇಳೇ ಇಲ್ಲಲ್ರೀ. ಮಧ್ಯಾಹ್ನ ಹುಡುಗ ಸಾಲಿಯಿಂದ ಬಂದ್ರ ಯಾರು ನೋಡಬೇಕು?’

ಸೊಸೆ ತಲೆ ಎತ್ತದೆ ಅಂದಳು: ‘ಹೇಳಿದ್ರ ಕಳಸ್ತೀರೋ ಇಲ್ಲೋ ಅಂತ ಹೇಳಿರಲಿಲ್ರೀ ಅತ್ತಿ.’

ಗಂಡ ತಾಯಿಯನ್ನೂ ನೋಡಲಿಲ್ಲ, ಹೆಂಡತಿಯನ್ನೂ ನೋಡಲಿಲ್ಲ. ಈ ಪ್ರಕರಣ ತಿರುಗಿದ್ದು ಅಲ್ಲಿಯೇ. ಅತ್ತೆ ಕೆಟ್ಟವರಲ್ಲ, ಅವರು ಒಪ್ಪಿದ್ದು ಒಂದು ಸ್ಥಳಕ್ಕೆ, ಗಂಡಸರಿಲ್ಲದ ಒಂದು ಕಟ್ಟಡಕ್ಕೆ. ಸೊಸೆಗೆ ಬೇಕಾಗಿದ್ದದ್ದು ವಾರದ 50 ಗಂಟೆ. ಅದನ್ನು ಯಾರೂ ಕೇಳಿರಲಿಲ್ಲ, ಯಾರೂ ಕೊಟ್ಟಿರಲಿಲ್ಲ. ಪ್ರವೇಶವಾದ ಮೇಲೆ ಈ ಲೆಕ್ಕ ಹೊರಬಿದ್ದರೆ ಜಗಳವಾಗುತ್ತದೆ. ಮೊದಲೇ ಹೊರಬಿದ್ದರೆ ಕೂತು ಮಾತಾಡಿ ತೀರ್ಮಾನಿಸಬಹುದು.

ಮಾತಾಡಿದರು. ಬೆಳಿಗ್ಗೆ ಮಗನನ್ನು ಶಾಲೆಯ ವ್ಯಾನಿಗೆ ಹತ್ತಿಸುವುದು ಗಂಡನ ಕೆಲಸ. ಮಧ್ಯಾಹ್ನದ ಊಟ ಅತ್ತೆಯದು. ಆದರೆ ರಾತ್ರಿ ರೊಟ್ಟಿಯನ್ನೂ ಅವರೇ ಬಡಿಯುವಂತಿಲ್ಲ, ವಾರದಲ್ಲಿ ಐದು ದಿನ ಹೊರಗಿನಿಂದ ತರಿಸುವುದು. ಪರೀಕ್ಷೆಯ ತಿಂಗಳು ನೆಂಟರನ್ನು ಕರೆಯುವುದಿಲ್ಲ. ಇದನ್ನೆಲ್ಲ ಬರೆದು ಇಟ್ಟುಕೊಳ್ಳಿ ಎಂದೆ. ಬಾಯಿಮಾತಿನ ಒಪ್ಪಂದ ಶ್ರಾವಣದ ಹಬ್ಬಗಳು ಬರುವಷ್ಟರಲ್ಲಿ ಮರೆತುಹೋಗುತ್ತದೆ.

‘ಹೆಣ್ಣುಮಕ್ಕಳದ್ದೇ ಆಗಬೇಕು ಎಂಬ ಷರತ್ತನ್ನು ನೀವು ಯಾಕೆ ಪ್ರಶ್ನಿಸಲಿಲ್ಲ?’ ಎಂದು ಸಹೋದ್ಯೋಗಿಗಳು ಕೇಳಿದ್ದಾರೆ. ಆ ಷರತ್ತು ಸರಿ ಎಂದು ನಾನು ಎಲ್ಲಿಯೂ ಹೇಳಿಲ್ಲ. ಆಕೆ ಕನ್ನಡ ಎಂ.ಎ. ಬಯಸಿದ್ದರೆ ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೇ ಹೋಗಬೇಕಿತ್ತು, ಆಗ ಆ ಷರತ್ತಿನ ವಿರುದ್ಧವೇ ಹೋರಾಡುತ್ತಿದ್ದೆ. ಆದರೆ ಆಕೆ ಬಯಸಿದ ವಿಷಯ ಎಸ್‌ಎನ್‌ಡಿಟಿಯಲ್ಲೇ ಇತ್ತು. ಒಂದು ಮನೆಯಲ್ಲಿ ಒಮ್ಮೆಗೆ ಒಂದು ವಾದ ಗೆಲ್ಲಬಹುದು. ನಾನು ಗಂಟೆಗಳ ವಾದವನ್ನು ಆರಿಸಿಕೊಂಡೆ.

ಇನ್ನೊಂದು ತಪ್ಪು ಕಲ್ಪನೆಯನ್ನೂ ತೆಗೆಯಬೇಕು. ಮಹಿಳಾ ವಿಶ್ವವಿದ್ಯಾಲಯದ ಪದವಿ ಒಂದು ಕೈ ಕಡಿಮೆ ಎಂದು ಆಕೆಯ ಗಂಡನಿಗೂ ಅನಿಸಿತ್ತು. 1896ರಲ್ಲಿ ವಿಧವೆಯರಿಗಾಗಿ ಆಶ್ರಮ ತೆರೆದ ಧೋಂಡೋ ಕೇಶವ ಕರ್ವೆ 1916ರಲ್ಲಿ ಪುಣೆಯಲ್ಲಿ ಈ ವಿಶ್ವವಿದ್ಯಾಲಯವನ್ನು ಕಟ್ಟಿದರು. 1920ರಲ್ಲಿ ವಿಠ್ಠಲದಾಸ ಠಾಕರಸಿ ತಾಯಿಯ ಹೆಸರಿನಲ್ಲಿ 15 ಲಕ್ಷ ರೂಪಾಯಿ ಕೊಟ್ಟರು. ಮಹಿಳಾ ಅಧ್ಯಯನಕ್ಕೆಂದೇ ದೇಶದ ಮೊದಲ ಸಂಶೋಧನಾ ಕೇಂದ್ರ 1974ರಲ್ಲಿ ಶುರುವಾದದ್ದೂ ಇಲ್ಲೇ. ಇದು ಕಾಯಿದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾಲಯ. ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಷ್ಟ್ರಮಟ್ಟದ ಎನ್‌ಇಟಿ ಪರೀಕ್ಷೆಗಾಗಲಿ ಪಿಎಚ್.ಡಿ.ಗಾಗಲಿ ಇದರ ಎಂ.ಎ. ಯಾವುದಕ್ಕೂ ಕಡಿಮೆಯಲ್ಲ. ಸುರಕ್ಷಿತ ಜಾಗ ಎಂದಷ್ಟೇ ಭಾವಿಸಿ ಬರುವವರು ಪಠ್ಯಕ್ರಮವನ್ನೇ ಓದದೆ ಬಂದಿರುತ್ತಾರೆ. ನನಗೆ ಬೇಸರವಾಗುವುದು ಅದಕ್ಕೆ.

ವಿಷಯದ ಆಯ್ಕೆಯಲ್ಲಿ ನಾನು ಗ್ರಂಥಾಲಯ ವಿಜ್ಞಾನದ ಕಡೆಗೆ ಒಲಿಸಲು ನೋಡಿದೆ. ಪದವಿಯ ನಂತರ ಸಾಮಾನ್ಯವಾಗಿ ಒಂದು ವರ್ಷದ ಬಿಎಲ್‌ಐಎಸ್‌ಸಿ, ಆಮೇಲೆ ಬೇಕಿದ್ದರೆ ಇನ್ನೊಂದು ವರ್ಷದ ಎಂಎಲ್‌ಐಎಸ್‌ಸಿ. ಮೊದಲ ವರ್ಷಕ್ಕೇ ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಕೇಳಬಹುದು. ಸಮಾಜಶಾಸ್ತ್ರದಲ್ಲಿ ದಾರಿ ಉದ್ದ: ಕಾಲೇಜಿನಲ್ಲಿ ಕಲಿಸಲು ಎಂ.ಎ.ಯಲ್ಲಿ ಶೇ. 55 ಅಂಕ, ಜೊತೆಗೆ ಎನ್‌ಇಟಿ ಅಥವಾ ರಾಜ್ಯಮಟ್ಟದ ಎಸ್‌ಇಟಿ ಬೇಕು. ಸಂಶೋಧನೆಗೆ ಸಿಗುವ ಜೆಆರ್‌ಎಫ್ ಫೆಲೋಶಿಪ್‌ಗೆ ವಯೋಮಿತಿ 30, ಮಹಿಳೆಯರಿಗೆ ಐದು ವರ್ಷ ಸಡಿಲಿಕೆ. ಆಕೆಗೆ ಅದು ತೀರಾ ಅಂಚಿಗೆ ಬರುತ್ತದೆ. ಬರಿಯ ಎನ್‌ಇಟಿಗೆ ವಯಸ್ಸಿನ ಮಿತಿಯಿಲ್ಲ. ಎಲ್ಲ ಕೇಳಿಸಿಕೊಂಡು ಆಕೆ ‘ಸಮಾಜಶಾಸ್ತ್ರನ ಮಾಡ್ತೀನ್ರೀ’ ಅಂದಳು. ಸರಿ. ಆಯ್ಕೆ ಆಕೆಯದು.

ದೂರಶಿಕ್ಷಣ ಸಾಲದೇ ಎಂದು ಗಂಡ ಕೇಳಿದ. ಪದವಿಯ ಮಾನ್ಯತೆಯಲ್ಲಿ ವ್ಯತ್ಯಾಸವಿಲ್ಲ. ಆದರೆ ಮನೆಯಲ್ಲೇ ಕೂತು ಓದುವವಳ ಗಂಟೆ ಮೊದಲು ಹೋಗುವುದು ಗ್ಯಾಸ್ ಸಿಲಿಂಡರ್ ತಂದವನಿಗೆ, ಆಮೇಲೆ ಬಾಗಿಲು ಬಡಿದ ನೆರೆಯವರಿಗೆ. ಹೊರಗೆ ಹೋಗಲು ಸಾಧ್ಯವಿರುವವರಿಗೆ ನಾನು ಅದನ್ನು ಮೊದಲ ಸಲಹೆಯಾಗಿ ಕೊಡುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದ ಆಕೆಗೆ ಇಂಗ್ಲಿಷಿನ ಭಯ. ಅದಕ್ಕೆ ಒಂದು ಪರೀಕ್ಷೆ ಕೊಟ್ಟೆ. ಹಳೆಯ ಪ್ರಶ್ನೆಪತ್ರಿಕೆಯಿಂದ ಹತ್ತು ಅಂಕದ ಒಂದು ಪ್ರಶ್ನೆ ಆರಿಸಿ, ಇಂಗ್ಲಿಷಿನಲ್ಲಿ, ಕೈಬರಹದಲ್ಲಿ, 20 ನಿಮಿಷದೊಳಗೆ ಉತ್ತರ. ಆಕೆಯಿಂದ ಅರ್ಧ ಪುಟವಾಯಿತು. ಪ್ರವೇಶವನ್ನು ಒಂದು ವರ್ಷ ಮುಂದೂಡಲು ಹೇಳಿದ್ದಕ್ಕೆ ಮುಖ್ಯ ಕಾರಣ ಇದು. ಆ ವರ್ಷ ದಿನಕ್ಕೊಂದು ಉತ್ತರ ಬರೆಯುವುದು.

ಎರಡನೇ ಕಾರಣ ಕಾಗದಪತ್ರ. ಮದುವೆಯಲ್ಲಿ ಆಕೆಯ ಹೆಸರೂ ಅಡ್ಡಹೆಸರೂ ಎರಡೂ ಬದಲಾಗಿದ್ದವು. ಅಂಕಪಟ್ಟಿಯಲ್ಲಿ ಒಬ್ಬಳು, ಆಧಾರಿನಲ್ಲಿ ಇನ್ನೊಬ್ಬಳು. ಕ್ರೆಡಿಟ್ ಜಮೆಯಾಗುವ ಎಬಿಸಿ ಖಾತೆ ಆಧಾರಿಗೆ ಜೋಡಿಸಿದ್ದು, ಅಲ್ಲಿ ಹೆಸರು ಹೊಂದದಿದ್ದರೆ ಕ್ರೆಡಿಟ್ ಸಿಕ್ಕಿಕೊಳ್ಳುತ್ತದೆ. ಮದುವೆ ನೋಂದಣಿ ಪ್ರಮಾಣಪತ್ರ, ಹೆಸರು ಬದಲಾವಣೆಯ ಗೆಜೆಟ್ ಪ್ರಕಟಣೆ ಎರಡನ್ನೂ ಮೊದಲೇ ಮಾಡಿಸಿಕೊಳ್ಳಿ. ಹಳೆಯ ಅಂಕಪಟ್ಟಿ ತಿದ್ದಿಸಲು ಹೋಗಬೇಡಿ. ಬೇರೆ ರಾಜ್ಯದ ಪದವಿಗೆ ಹಿಂದಿನ ವಿಶ್ವವಿದ್ಯಾಲಯದ ಮೈಗ್ರೇಶನ್ ಸರ್ಟಿಫಿಕೇಟ್ ಬೇಕು, ಮೂಲಪ್ರತಿಯೇ ಬೇಕು. ಊರಿಗೆ ಹೋದಾಗ ಅರ್ಜಿ ಹಾಕಿ ಬನ್ನಿ. ಕರ್ನಾಟಕದ ಜಾತಿ ಪ್ರಮಾಣಪತ್ರದ ಮೇಲೆ ಮಹಾರಾಷ್ಟ್ರದ ರಾಜ್ಯ ಮೀಸಲಾತಿ ಸಿಗದು, ಇಲ್ಲಿಯವರನ್ನು ಮದುವೆಯಾದರೂ ಸಿಗದು. ಮನೆಯ ಖರ್ಚಿನ ಲೆಕ್ಕವನ್ನು ಪೂರ್ತಿ ಫೀ ಹಿಡಿದೇ ಹಾಕಿ.

ನಡುವೆ ಬಿಡಬೇಕಾದ ಸಂದರ್ಭ ಬಂದರೂ ಸೆಮಿಸ್ಟರಿನ ನಡುವೆ ಬಿಡಬೇಡಿ, ಪರೀಕ್ಷೆ ಬರೆದು ಬಿಡಿ. ಗಳಿಸಿದ ಕ್ರೆಡಿಟ್ ಏಳು ವರ್ಷದವರೆಗೆ ಖಾತೆಯಲ್ಲಿರುತ್ತದೆ. ಮೊದಲ ವರ್ಷದ 44 ಕ್ರೆಡಿಟ್ ಮುಗಿದಿದ್ದರೆ ಸ್ನಾತಕೋತ್ತರ ಡಿಪ್ಲೊಮಾ ಪಡೆದು ಹೊರಬರಬಹುದು. ನವೆಂಬರಿನಲ್ಲಿ ಸುಮ್ಮನೆ ಹೋಗುವುದನ್ನು ನಿಲ್ಲಿಸಿದವರಿಗೆ ಇದಾವುದೂ ಇಲ್ಲ.

ಮರುವರ್ಷ ಆಕೆ ಸೇರಿದಳು, ಮೊದಲ ಸೆಮಿಸ್ಟರ್ ಪಾಸಾಯಿತು. ಎರಡನೇ ಸೆಮಿಸ್ಟರಿನಲ್ಲಿ ನಾಲ್ಕು ಕ್ರೆಡಿಟ್‌ನ ಕಾರ್ಯಸ್ಥಳ ತರಬೇತಿ ಅಥವಾ ಕ್ಷೇತ್ರ ಅಧ್ಯಯನ ಇರುತ್ತದೆ, ಸುಮಾರು 120 ಗಂಟೆ. ಅದು ಬೇಸಿಗೆ ರಜೆಗೆ ಚಾಚಿಕೊಳ್ಳುವುದುಂಟು. ನಮ್ಮ ಮನೆಗಳಲ್ಲಿ ಊರಿಗೆ, ಜಾತ್ರೆಗೆ, ಮದುವೆಗಳಿಗೆ ಹೊರಡುವುದೂ ಅದೇ ಹೊತ್ತಿಗೆ. ರೈಲಿನ ಟಿಕೆಟ್ ಎರಡು ತಿಂಗಳು ಮೊದಲೇ ತೆಗೆಯುವವರು ಅದಕ್ಕೂ ಮುಂಚೆ ವಿಭಾಗದ ಕಚೇರಿಯಲ್ಲಿ ತರಬೇತಿಯ ದಿನಾಂಕ ಕೇಳಿಕೊಳ್ಳಿ.